ತಪ್ಪಿಗೂ ಅರಿವಿಗೂ ನಡುವಿನ ದೂರ

ಸಂಜೆ ಹೊತ್ತು, ಶಹಾಡ್ ಸ್ಟೇಷನ್. ಲೋಕಲ್ ಬರಲು ಇನ್ನೂ ಸಮಯವಿದೆ. ಬೆಂಚಿನ ಮೇಲೆ ಇಬ್ಬರು ಕೂತಿದ್ದಾರೆ: ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು, ಓರಿಯೆಂಟೀರಿಂಗ್ ಸ್ಪರ್ಧೆಗೆ ತಯಾರಾಗುತ್ತಿರುವ ಒಬ್ಬ ಯುವತಿ. ಅವಳ ಮಡಿಲಲ್ಲಿ ಬಿಡಿಸಿಟ್ಟ ನಕ್ಷೆ, ಅದರ ಮೇಲೊಂದು ದಿಕ್ಸೂಚಿ.

ಯುವತಿ: ಮೇಷ್ಟ್ರೇ, ಈ ಆಟದ ಬಗ್ಗೆ ಯಾರನ್ನು ಕೇಳಿದರೂ ಒಂದೇ ಬುದ್ಧಿಮಾತು, ತಪ್ಪು ಮಾಡಬೇಡ ಅಂತ. ನಕ್ಷೆ ಮತ್ತು ದಿಕ್ಸೂಚಿ ಹಿಡಿದು, ಕಾಡುಮೇಡಿನಲ್ಲಿ ನೆಟ್ಟಿರುವ ಬಿಳಿ ಕಿತ್ತಳೆ ಬಾವುಟಗಳನ್ನು ಹೇಳಿದ ಕ್ರಮದಲ್ಲೇ ಮುಟ್ಟಿ ಬರಬೇಕು. ಯಾವ ದಾರಿ ಹಿಡಿಯಬೇಕೆಂಬುದು ಓಡುವವರಿಗೆ ಬಿಟ್ಟದ್ದು. ಆದರೆ ಒಂದು ಬಾವುಟ ಬಿಟ್ಟುಹೋದರೂ, ಅದರ ಬದಲು ಬೇರೆಯದನ್ನು ಮುಟ್ಟಿದರೂ ಓಟವೆಲ್ಲ ವ್ಯರ್ಥ, ಅನರ್ಹ. ಹಾಗಿದ್ದಮೇಲೆ ತಪ್ಪು ಮಾಡದವರು ಗೆಲ್ಲುತ್ತಾರೆ, ಮಾಡಿದವರು ಸೋಲುತ್ತಾರೆ. ಇದರಲ್ಲಿ ಬಿಡಿಸಿ ತಿಳಿಯುವಂಥದ್ದು ಏನಿದೆ?

ಮೇಷ್ಟ್ರು: ಆ ಬುದ್ಧಿಮಾತು ಸುಳ್ಳಲ್ಲಮ್ಮ, ಕೈಗೆ ಹತ್ತುವುದಿಲ್ಲ ಅಷ್ಟೆ. ಬೇಕೆಂದು ಯಾರೂ ದಾರಿ ತಪ್ಪುವುದಿಲ್ಲ. ತಪ್ಪು ಮಾಡುವ ಹೊತ್ತಿನಲ್ಲಿ ಅದು ತಪ್ಪು ಎಂದು ಗೊತ್ತೂ ಇರುವುದಿಲ್ಲ. ಗೊತ್ತಿಲ್ಲದ್ದನ್ನು ಮಾಡಬೇಡ ಎಂದರೆ ಹೇಗೆ? ಈ ಸ್ಟೇಷನ್ನಿನ ಲೆಕ್ಕದಲ್ಲೇ ನೋಡು. ಮುಂಬೈ ಕಡೆಯಿಂದ ಬರುವ ಹಳಿ ಕಲ್ಯಾಣದಲ್ಲಿ ಎರಡಾಗಿ ಒಡೆಯುತ್ತದೆ. ಕಸಾರಾ ಕಡೆಗೆ ಹೋದರೆ ಮುಂದಿನ ಸ್ಟೇಷನ್ ಶಹಾಡ್, ಕರ್ಜತ್ ಕಡೆಗೆ ಹೋದರೆ ವಿಠಲವಾಡಿ. ಇಂಡಿಕೇಟರಿನಲ್ಲಿ ಕಸಾರಾಕ್ಕೆ ‘ಎನ್’, ಕರ್ಜತ್‌ಗೆ ‘ಎಸ್’. ಗಡಿಬಿಡಿಯಲ್ಲಿ ಇಬ್ಬರು ಶಹಾಡಿನವರು ಕರ್ಜತ್ ಗಾಡಿ ಹತ್ತಿದರು ಎಂದುಕೋ. ಒಬ್ಬ ಕಲ್ಯಾಣ ದಾಟಿದ ಕೂಡಲೇ ಬೋರ್ಡು ನೋಡುತ್ತಾನೆ. ವಿಠಲವಾಡಿ ಎಂದಿದೆ. ಇಳಿದು ಹಿಂದಕ್ಕೆ ಬರುವ ಗಾಡಿ ಹಿಡಿಯುತ್ತಾನೆ. ಇನ್ನೊಬ್ಬ ಫೋನಿನಲ್ಲಿ ಮುಳುಗಿದವನು ಉಲ್ಹಾಸನಗರ, ಅಂಬರನಾಥ ದಾಟಿ ಬದಲಾಪುರದಲ್ಲಿ ತಲೆ ಎತ್ತುತ್ತಾನೆ. ಇಬ್ಬರು ಮಾಡಿದ ತಪ್ಪು ಒಂದೇ, ತೆತ್ತ ಬೆಲೆ ಬೇರೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಓಟದಲ್ಲಿ ಸಮಯ ತಿನ್ನುವುದು ತಪ್ಪು ಹೆಜ್ಜೆಗಿಂತ ಹೆಚ್ಚಾಗಿ, ತಪ್ಪಿಗೂ ಅದರ ಅರಿವಿಗೂ ನಡುವೆ ಓಡುವ ದೂರ. ಆ ದೂರವನ್ನು ಕುಗ್ಗಿಸಲು ಕಲಿತವರು ಒಳ್ಳೆಯ ಓರಿಯೆಂಟೀರ್ ಆಗುತ್ತಾರೆ.

ಯುವತಿ: ಹೋಲಿಕೆ ಚೆನ್ನಾಗಿದೆ. ಆದರೆ ರೈಲಿಗೆ ಹಳಿಯಿದೆ, ಪ್ರತಿ ಸ್ಟೇಷನ್ನಿಗೂ ಹೆಸರಿನ ಬೋರ್ಡಿದೆ. ಗುಡ್ಡದಲ್ಲಿ ಬೋರ್ಡು ಯಾರು ಹಾಕುತ್ತಾರೆ? ಅಲ್ಲಿ ದಾರಿ ತಪ್ಪಿದರೆ ಅದು ಗಮನ ಸಾಲದೆ ಆದದ್ದು. ಇನ್ನಷ್ಟು ಮೈಯೆಲ್ಲ ಕಣ್ಣಾಗಿ ಓಡಿದರೆ ತಪ್ಪು ತಾನಾಗಿ ಗೊತ್ತಾಗುವುದಿಲ್ಲವೇ?

ಮೇಷ್ಟ್ರು: ತಾನಾಗಿ ಗೊತ್ತಾಗುವುದಿಲ್ಲ ಎಂಬುದಕ್ಕೆ ಪುರಾವೆ ಇದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅಲ್ಲಿನ ಬೀನ್‌ವಾಲ್ಟ್ ಕಾಡಿನಲ್ಲೂ ಟ್ಯುನೀಷಿಯಾದ ಮರಳುಗಾಡಿನಲ್ಲೂ ಜನರನ್ನು ಬಿಟ್ಟು, ನೇರ ನಡೆಯಿರಿ ಎಂದರು. ಯಾರು ಎಲ್ಲಿ ನಡೆದರು ಎಂಬುದು ಜಿಪಿಎಸ್‌ನಲ್ಲಿ ದಾಖಲಾಗುತ್ತಿತ್ತು. ಬಿಸಿಲಿದ್ದಾಗ ನಡೆದವರು ಹೆಚ್ಚುಕಡಿಮೆ ನೇರವಾಗಿಯೇ ಹೋದರು. ಮೋಡ ಮುಚ್ಚಿ ಸೂರ್ಯ ಕಾಣದಿದ್ದಾಗ ಕಾಡಿನಲ್ಲಿ ನಡೆದವರು ಸುತ್ತು ಹಾಕಿದರು. ತಾವೇ ತುಳಿದ ಜಾಗವನ್ನು ಮತ್ತೆ ದಾಟಿದರೂ ಅವರಿಗೆ ತಿಳಿಯಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ ನಡೆಸಿದವರು ಕೆಲವೊಮ್ಮೆ 20 ಮೀಟರ್ ಅಗಲದ ವೃತ್ತದೊಳಗೇ ತಿರುಗಿದರು. ಅವರಾರೂ ಉದಾಸೀನದವರಲ್ಲ, ನೇರ ಹೋಗಬೇಕೆಂದೇ ಹೊರಟವರು. ಹೊರಗಿನ ಗುರುತೊಂದು ಇಲ್ಲದಿದ್ದರೆ ಕಾಲಿನಲ್ಲಿ ಕೂಡುತ್ತಾ ಹೋಗುವ ಸಣ್ಣ ಸಣ್ಣ ವ್ಯತ್ಯಾಸವನ್ನು ಮೈ ನಮಗೆ ಹೇಳುವುದಿಲ್ಲ. ‘ಸರಿಯಾಗಿ ಹೋಗುತ್ತಿದ್ದೇನೆ’ ಎಂಬ ಭಾವನೆ ಸರಿ ದಾರಿಯಲ್ಲೂ ಇರುತ್ತದೆ, ತಪ್ಪು ದಾರಿಯಲ್ಲೂ ಅಷ್ಟೇ ಗಟ್ಟಿಯಾಗಿ ಇರುತ್ತದೆ. ಹಾಗಾಗಿ ಆ ಭಾವನೆಯನ್ನು ಸಾಕ್ಷಿಯಾಗಿ ಒಪ್ಪಲಾಗದು.

ಯುವತಿ: ಆದರೆ ಓರಿಯೆಂಟೀರಿಂಗ್‌ನಲ್ಲಿ ಕಣ್ಣಿಗೆ ಪಟ್ಟಿ ಇಲ್ಲವಲ್ಲ. ಕೈಯಲ್ಲಿ ನಕ್ಷೆ ಇದೆ. 1:10,000 ಅಳತೆಯ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 100 ಮೀಟರ್. ಒಂದೊಂದು ಬಂಡೆ, ಒಂದೊಂದು ಕೊರಕಲೂ ಅದರಲ್ಲಿ ಕಾಣುತ್ತದೆ. ಓಡಬಹುದಾದ ಕಾಡಿಗೆ ಬಿಳಿ, ಬಯಲಿಗೆ ಹಳದಿ, ಪೊದೆ ದಟ್ಟವಾದಷ್ಟೂ ಹಸಿರು, ನೀರಿಗೆ ನೀಲಿ, ಏರಿಳಿತ ತೋರಿಸುವ ಸಮೋನ್ನತಿ ರೇಖೆಗೆ ಕಂದು. ಇಷ್ಟು ವಿವರ ಕಣ್ಣೆದುರಿಗೆ ಇಟ್ಟುಕೊಂಡವರಿಗೆ ಮೋಸ ಆಗುವುದೆಲ್ಲಿಂದ?

ಮೇಷ್ಟ್ರು: ವಿವರ ಹೆಚ್ಚಿದ್ದಷ್ಟೂ ಮನಸ್ಸಿಗೆ ಬೇಕಾದದ್ದನ್ನು ಆರಿಸಿಕೊಳ್ಳಲು ಅವಕಾಶವೂ ಹೆಚ್ಚು. ಈ ಮುರ್ಬಾಡ್ ರಸ್ತೆಯಲ್ಲೇ ಮುಂದೆ ಹೋದರೆ ಸಿಗುವ ಸಹ್ಯಾದ್ರಿಯ ಬುಡವನ್ನು ಕಣ್ಣಮುಂದೆ ತಂದುಕೋ. ಅದು ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ನೆಲ. ಮೇಲೆ ಸಮತಟ್ಟು, ಕೆಳಗೆ ಕಡಿದಾದ ಗೋಡೆ, ಮತ್ತೆ ಸಮತಟ್ಟು, ಮೆಟ್ಟಿಲಿನ ಹಾಗೆ. ಭೂವಿಜ್ಞಾನದವರು ಇದನ್ನು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ಆ ‘ಟ್ರ್ಯಾಪ್’ ಬಂದದ್ದು ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ. ಓರಿಯೆಂಟೀರಿಂಗ್ ಹುಟ್ಟಿ ಬೆಳೆದದ್ದೂ ಸ್ವೀಡನ್, ನಾರ್ವೆಗಳಲ್ಲೇ. ಇಂಥ ಮೆಟ್ಟಿಲು ನೆಲದಲ್ಲಿ ಒಂದು ಏಣು, ಪಕ್ಕದಲ್ಲಿ ಕೊರಕಲು, ಮತ್ತೊಂದು ಏಣು, ಮತ್ತೊಂದು ಕೊರಕಲು, ಎಲ್ಲವೂ ಒಂದೇ ಎತ್ತರದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ನಿಂತಿರುತ್ತವೆ. ಬಾವುಟ ಇರುವುದು ಮೂರನೆಯ ಕೊರಕಲಿನ ತಲೆಯಲ್ಲಿ ಎಂದಿಟ್ಟುಕೋ. ಓಟಗಾರ್ತಿ ಎರಡನೆಯದಕ್ಕೆ ಇಳಿದುಬಿಟ್ಟಳು. ಸುತ್ತ ನೋಡುತ್ತಾಳೆ: ಎಡಕ್ಕೆ ಕಡಿದು, ನಕ್ಷೆಯಲ್ಲೂ ಎಡಕ್ಕೆ ಕಡಿದು. ಕೆಳಗೆ ಒಣ ಹಳ್ಳ, ನಕ್ಷೆಯಲ್ಲೂ ಹಳ್ಳ. ನಕ್ಷೆ ತೋರಿಸುವ ಬಂಡೆ ಮಾತ್ರ ಕಾಣುತ್ತಿಲ್ಲ. ‘ಪೊದೆಯಲ್ಲಿ ಮುಚ್ಚಿಹೋಗಿರಬೇಕು’ ಎಂದುಕೊಳ್ಳುತ್ತಾಳೆ. ನಕ್ಷೆಯಲ್ಲಿಲ್ಲದ ಕಾಲುದಾರಿಯೊಂದು ಅಡ್ಡ ಬರುತ್ತದೆ. ‘ಇದು ಹೊಸದಾಗಿ ಬಿದ್ದ ದಾರಿ’ ಎಂದುಕೊಳ್ಳುತ್ತಾಳೆ. ಬಾವುಟವೂ ಇಲ್ಲ. ಆಗ ಅವಳಿಗೆ ಬರುವ ಯೋಚನೆ, ‘ಆಯೋಜಕರು ತಪ್ಪು ಜಾಗದಲ್ಲಿ ನೆಟ್ಟಿದ್ದಾರೆ’ ಎಂದು. ಹೊಂದಿದ್ದು ಎರಡು, ಹೊಂದದ್ದು ಮೂರು. ಹೊಂದಿದ ಎರಡನ್ನೂ ಸಾಕ್ಷಿ ಎಂದು ಇಟ್ಟುಕೊಂಡಳು, ಹೊಂದದ ಮೂರಕ್ಕೂ ಒಂದೊಂದು ಸಮಜಾಯಿಷಿ ಕೊಟ್ಟಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಇಂಥ ಹೊತ್ತಿಗೇ ಹುಟ್ಟಿರಬೇಕು. ಈ ಆಟ ಬಲ್ಲವರು ಇದನ್ನು ಸಮಾಂತರ ತಪ್ಪು ಎನ್ನುತ್ತಾರೆ. ಇದು ಕಣ್ಣಿನ ದೋಷಕ್ಕಿಂತ ಮನಸ್ಸಿನ ವಕಾಲತ್ತು.

ಯುವತಿ: ಆದರೆ ಗುಡ್ಡಗಳಲ್ಲಿ ದೊಡ್ಡ ಗುರುತುಗಳು ಇದ್ದೇ ಇರುತ್ತವಲ್ಲ? ಮುರ್ಬಾಡ್ ದಾಟಿ ವೈಶಾಖರೆ ಕಡೆ ಹೋದರೆ ನಾಣೇಘಾಟಿನ ಪಕ್ಕ ‘ನಾನಾಚಾ ಅಂಗಠಾ’ ಎಂಬ ಕಲ್ಲಿನ ಹೆಬ್ಬೆರಳು ಆಕಾಶಕ್ಕೆ ಎದ್ದು ನಿಂತಿರುತ್ತದೆ. ಶಾತವಾಹನರ ಕಾಲದಲ್ಲಿ ಕಲ್ಯಾಣ, ಸೋಪಾರಾಗಳಿಂದ ಜುನ್ನರ್‌ಗೆ ಸರಕು ಹೊತ್ತವರು ಏರಿದ್ದು ಅದೇ ಘಾಟಿ. ಸುಂಕದ ಕಲ್ಲಿನ ಹಂಡೆ, ಗುಹೆಯ ಶಾಸನ ಈಗಲೂ ಅಲ್ಲಿವೆ. ಅವರ ಕೈಯಲ್ಲಿ ಕಂದು ರೇಖೆಯ ನಕ್ಷೆ ಇರಲಿಲ್ಲ. ಹೆಬ್ಬೆರಳು ನೋಡಿಕೊಂಡೇ ನಡೆದರು, ತಲುಪಿದರು.

ಮೇಷ್ಟ್ರು: ಅವರು ನಡೆದದ್ದು ಸಾವಿರಾರು ಕಾಲುಗಳು ತುಳಿದು ಮಾಡಿದ ಒಂದೇ ದಾರಿಯಲ್ಲಿ. ಅಲ್ಲಿ ತಲೆ ಎತ್ತಿದರೆ ದಿಕ್ಕು ಸಿಕ್ಕರೆ ಸಾಕು, ಸ್ಥಳವನ್ನು ದಾರಿಯೇ ಹೇಳುತ್ತದೆ. ಓಟದಲ್ಲಿ ದಿಕ್ಕು ಸಾಲದು. ಹೆಬ್ಬೆರಳಿನಂಥ ದೊಡ್ಡ ಗುರುತು ಎರಡನೆಯ ಕೊರಕಲಿನಿಂದಲೂ ಕಾಣುತ್ತದೆ, ಮೂರನೆಯದರಿಂದಲೂ ಕಾಣುತ್ತದೆ. ನೀನು ಯಾವುದರಲ್ಲಿದ್ದೀ ಎಂದು ಅದು ಹೇಳಲಾರದು. ಇನ್ನೂ ಕೆಟ್ಟದ್ದೆಂದರೆ, ಕಾಣುತ್ತಿದೆ ಎಂಬ ಸಮಾಧಾನ ತಪ್ಪಿನ ಆಯುಸ್ಸನ್ನು ಹೆಚ್ಚಿಸುತ್ತದೆ. ಅದಕ್ಕೇ ಅನುಭವಿಗಳು ಮಡಚಿದ ನಕ್ಷೆಯ ಮೇಲೆ ತಾವಿರುವ ಜಾಗದಲ್ಲೇ ತಮ್ಮ ಹೆಬ್ಬೆರಳನ್ನು ಇಟ್ಟು, ಓಡಿದಂತೆಲ್ಲ ಅದನ್ನು ಸರಿಸುತ್ತಾ ಹೋಗುತ್ತಾರೆ. ಬೆಟ್ಟದ ಹೆಬ್ಬೆರಳಿಗಿಂತ ಕಾಗದದ ಮೇಲಿನ ಈ ಹೆಬ್ಬೆರಳು ದೊಡ್ಡದು. ಕೊನೆಯ ಬಾರಿ ಖಚಿತವಾಗಿ ಎಲ್ಲಿದ್ದೆ ಎಂಬುದಕ್ಕೆ ಅದು ಸಾಕ್ಷಿ. ದಾರಿ ತಪ್ಪಿದಾಗ ‘ಈಗ ಎಲ್ಲಿದ್ದೇನೆ’ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ‘ಕೊನೆಗೆ ಎಲ್ಲಿ ಖಚಿತವಿತ್ತು’ ಎಂಬುದಕ್ಕೆ ಉತ್ತರ ಬೆರಳ ತುದಿಯಲ್ಲೇ ಇರುತ್ತದೆ. ಹುಡುಕಬೇಕಾದ ಜಾಗ ಅಷ್ಟಕ್ಕೇ ಕುಗ್ಗುತ್ತದೆ.

ಯುವತಿ: ಹಾಗಾದರೆ ತಪ್ಪು ಆಗಿಯೇ ಆಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಹೊರಡಬೇಕು ಎನ್ನುತ್ತೀರಿ. ಓಡುವ ಮೊದಲೇ ಸೋಲು ಒಪ್ಪಿದ ಹಾಗಲ್ಲವೇ ಅದು?

ಮೇಷ್ಟ್ರು: ಈ ಆಟದ ನಿಯಮ ಬರೆದವರೇ ಹಾಗೆ ಒಪ್ಪಿಕೊಂಡಿದ್ದಾರೆ. ಪ್ರತಿ ಬಾವುಟಕ್ಕೂ ಒಂದು ಸಂಕೇತ ಸಂಖ್ಯೆ ಇರುತ್ತದಲ್ಲ, ಅದು 31ರಿಂದ ಶುರುವಾಗುತ್ತದೆ. ಏಕೆಂದರೆ ಓಟದ ಕ್ರಮದಲ್ಲಿ 1, 2, 3 ಎಂಬ ಅಂಕಿಗಳು ಆಗಲೇ ಇವೆ. ಏಳನೆಯ ಬಾವುಟದ ಸಂಕೇತವೂ 12 ಎಂದೋ 9 ಎಂದೋ ಇದ್ದರೆ ದಣಿದ ತಲೆ ಗೊಂದಲಕ್ಕೆ ಬೀಳುತ್ತದೆ. 66, 68, 86, 89, 98, 99 ಇಂಥ ಸಂಖ್ಯೆಗಳನ್ನೂ ಬಳಸುವಂತಿಲ್ಲ. ತಲೆಕೆಳಗಾಗಿ ಓದಿದರೆ ಇನ್ನೊಂದು ಸಂಖ್ಯೆಯಂತೆ ಕಾಣುತ್ತವೆ. ಜಾಗ್ರತೆಯಿಂದ ಓದಿ ಎಂದು ಉಪದೇಶ ಮಾಡಿ ಅವರು ಸುಮ್ಮನಾಗಲಿಲ್ಲ. ಮನುಷ್ಯ ಎಲ್ಲಿ ಎಡವುತ್ತಾನೆ ಎಂದು ನೋಡಿ, ಆ ಕಲ್ಲನ್ನೇ ತೆಗೆದರು. ಸ್ವೀಡನ್ನಿನ ಮೇಜರ್ ಅರ್ನ್‌ಸ್ಟ್ ಕಿಲ್ಲಾಂಡರ್ 1919ರಲ್ಲಿ ಸ್ಟಾಕ್‌ಹೋಮ್ ಬಳಿ ದೊಡ್ಡ ಸ್ಪರ್ಧೆ ಏರ್ಪಡಿಸಿ ಈ ಆಟವನ್ನು ಜನರ ನಡುವೆ ತಂದರು. 1961ರಲ್ಲಿ ಹತ್ತು ದೇಶಗಳು ಕೋಪನ್‌ಹೇಗನ್‌ನಲ್ಲಿ ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಅಲ್ಲಿಂದ ಇಲ್ಲಿಯವರೆಗೆ ನಿಯಮಪುಸ್ತಕ ಬೆಳೆದದ್ದರಲ್ಲಿ ಇಂಥ ಅರಿವಿನ ಪಾಲು ದೊಡ್ಡದು. ಓಟಗಾರರೂ ತಮ್ಮ ದಾರಿಯನ್ನು ಹೀಗೆಯೇ ಕಟ್ಟಿಕೊಳ್ಳಬೇಕು. ರೈಲಿಗೆ ಬೋರ್ಡು ಇದ್ದ ಹಾಗೆ ಗುಡ್ಡದಲ್ಲಿ ಬೋರ್ಡು ಇಲ್ಲ ಎಂದೆಯಲ್ಲ, ಅದನ್ನು ಓಡುವವರೇ ಹಾಕಿಕೊಳ್ಳಬೇಕು. ಬಾವುಟದ ಆಚೆಗೆ ಅಡ್ಡಲಾಗಿ ಒಂದು ಗಾಡಿದಾರಿಯೋ ತೋಡೋ ಇದೆಯೇ ಎಂದು ನಕ್ಷೆಯಲ್ಲಿ ಮೊದಲೇ ನೋಡಿಟ್ಟರೆ, ಅದೇ ನಿನ್ನ ವಿಠಲವಾಡಿ. ಅದು ಕಾಲಿಗೆ ಸಿಕ್ಕಿತೆಂದರೆ ಬಾವುಟ ಹಿಂದೆ ಉಳಿಯಿತು ಎಂದರ್ಥ. ಅಲ್ಲಿ ಸಮಜಾಯಿಷಿಗೆ ಜಾಗವೇ ಇಲ್ಲ.

ಯುವತಿ: ಎಲ್ಲ ಕಡೆ ಅಂಥ ಅಡ್ಡದಾರಿ ಸಿಗುವುದಿಲ್ಲವಲ್ಲ. ಬರೀ ದಿಕ್ಸೂಚಿ ನಂಬಿ ಓಡಬೇಕಾದ ಬಯಲೂ ಇರುತ್ತದೆ. ನಮ್ಮ ಈ ಕೊಂಕಣ ಭಾಗದಲ್ಲಿ ನಿಜವಾದ ಉತ್ತರಕ್ಕೂ ದಿಕ್ಸೂಚಿ ತೋರಿಸುವ ಉತ್ತರಕ್ಕೂ ಒಂದು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ ಎಂದು ನೀವೇ ಹೇಳಿದ್ದೀರಿ. ದಿಕ್ಸೂಚಿ ಸುಳ್ಳು ಹೇಳದಿದ್ದಮೇಲೆ ಭಯವೇಕೆ?

ಮೇಷ್ಟ್ರು: ದಿಕ್ಸೂಚಿ ಸುಳ್ಳು ಹೇಳುವುದಿಲ್ಲ, ಹಿಡಿದ ಕೈ ಅಲುಗುತ್ತದೆ. ಪೊದೆ ಸುತ್ತುವಾಗ, ಬಂಡೆ ತಪ್ಪಿಸುವಾಗ ಐದು ಡಿಗ್ರಿ ಅತ್ತಿತ್ತ ಆಗುವುದು ದೊಡ್ಡ ವಿಷಯವಲ್ಲ. 300 ಮೀಟರ್ ಓಡುವಷ್ಟರಲ್ಲಿ ಆ ಐದು ಡಿಗ್ರಿ ನಿನ್ನನ್ನು 26 ಮೀಟರ್ ಪಕ್ಕಕ್ಕೆ ಒಯ್ದಿರುತ್ತದೆ. ಎದೆಯೆತ್ತರದ ಹುಲ್ಲಿನಲ್ಲಿ 26 ಮೀಟರ್ ಆಚೆಯ ಬಾವುಟ ಕಾಣುವುದಿಲ್ಲ. ಬಾವುಟ ತೋಡಿನ ದಂಡೆಯ ಮೇಲಿದೆ ಎನ್ನೋಣ. ನೇರ ಅದಕ್ಕೇ ಗುರಿಯಿಟ್ಟು ಓಡಿ, ತೋಡು ಮುಟ್ಟಿದಾಗ ಬಾವುಟ ಕಾಣದಿದ್ದರೆ ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಗೊತ್ತಾಗುವುದಿಲ್ಲ. ಬಲ್ಲವರು ಬೇಕೆಂದೇ ನಲವತ್ತು ಐವತ್ತು ಮೀಟರ್ ಎಡಕ್ಕೆ ಗುರಿಯಿಡುತ್ತಾರೆ. ತೋಡು ಸಿಕ್ಕಿದ ಕೂಡಲೇ ಯೋಚನೆಯಿಲ್ಲದೆ ಬಲಕ್ಕೆ ತಿರುಗುತ್ತಾರೆ. 1931ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಒಬ್ಬರೇ ಪುಟ್ಟ ವಿಮಾನದಲ್ಲಿ ಟಾಸ್ಮನ್ ಸಮುದ್ರ ದಾಟುವಾಗ ನಾರ್‌ಫೋಕ್ ಎಂಬ ಸಣ್ಣ ದ್ವೀಪವನ್ನು ಹುಡುಕಿದ್ದು ಇದೇ ಉಪಾಯದಿಂದ. ಬೇಕೆಂದೇ ಒಂದು ಪಕ್ಕಕ್ಕೆ ಹಾರಿ, ಲೆಕ್ಕ ಹಾಕಿಟ್ಟ ಗೆರೆಗೆ ಬಂದಮೇಲೆ ದ್ವೀಪದ ಕಡೆ ತಿರುಗಿದರು. ದ್ವೀಪ ತಪ್ಪಿಹೋದರೆ ಇಳಿಯಲು ಬೇರೆ ನೆಲವಿರಲಿಲ್ಲ. ಎಷ್ಟೆಂದು ಗೊತ್ತಿರುವ ತಪ್ಪು, ಎಷ್ಟೆಂದು ಗೊತ್ತಿಲ್ಲದ ‘ಸರಿ’ಗಿಂತ ನಂಬಿಕೆಗೆ ಯೋಗ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಯುವತಿ: ಇಷ್ಟೆಲ್ಲ ನೋಡಿ, ತಾಳೆ ಹಾಕಿ ಓಡುತ್ತಾ ಕೂತರೆ ಪಕ್ಕದವರು ಗೆದ್ದುಬಿಡುತ್ತಾರೆ. ಇದು ಓಟ, ಪರೀಕ್ಷೆಯಲ್ಲ. ಗಡಿಯಾರ ನಿಲ್ಲುವುದಿಲ್ಲ.

ಮೇಷ್ಟ್ರು: ಈ ಆಕ್ಷೇಪಕ್ಕೆ ತೂಕವಿದೆ, ಲೆಕ್ಕ ಹಾಕಿಯೇ ಉತ್ತರಿಸಬೇಕು. ಹದಿನೈದು ಬಾವುಟಗಳ ಓಟ ಎನ್ನೋಣ. ಪ್ರತಿ ಬಾವುಟಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ಸೆಕೆಂಡು ತಾಳೆ ನೋಡಿದರೆ ಒಟ್ಟು 120 ಸೆಕೆಂಡು, ಅಂದರೆ ಎರಡು ನಿಮಿಷ. ಈಗ ಒಂದೇ ಒಂದು ಸಮಾಂತರ ತಪ್ಪಿನ ಬೆಲೆ ಹಾಕು. ಒರಟು ನೆಲದಲ್ಲಿ ಕಿಲೋಮೀಟರಿಗೆ ಹತ್ತು ನಿಮಿಷದ ವೇಗ. 150 ಮೀಟರ್ ತಪ್ಪು ಇಳಿದು, ಅಷ್ಟೇ ಮರಳಿ ಬಂದರೆ ಮೂರು ನಿಮಿಷ. ಇಲ್ಲದ ಬಾವುಟವನ್ನು ಹುಡುಕಿದ್ದು ಇನ್ನು ಮೂರು ನಿಮಿಷ. ಒಟ್ಟು ಆರು. ಎರಡು ನಿಮಿಷ ಕೊಟ್ಟು ಆರು ನಿಮಿಷ ಉಳಿಸುವುದು ನಷ್ಟದ ವ್ಯಾಪಾರವಲ್ಲ. ಅದೂ ನಿಂತು ನೋಡುವವರ ಲೆಕ್ಕ. ಪಳಗಿದವರು ನಿಲ್ಲುವುದೂ ಇಲ್ಲ. ಡೇವಿಡ್ ಎಕ್ಲ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಬ್ರಿಟನ್ ತಂಡದ 17 ಓಟಗಾರರನ್ನು ಮಾತಾಡಿಸಿದ್ದರು. ನಕ್ಷೆ, ಸುತ್ತಲಿನ ನೆಲ, ಓಡುವ ಕಾಲು, ಈ ಮೂರಕ್ಕೆ ಗಮನವನ್ನು ಹೇಗೆ ಹಂಚುವುದು ಎಂಬುದೇ ಈ ಆಟದ ಮುಖ್ಯ ಸಮಸ್ಯೆ ಎಂದು ಅವರು ಕಂಡುಕೊಂಡರು. ನುರಿತವರು ಮುಂದೆ ಬರುವುದನ್ನು ಸುಲಭದ ನೆಲದಲ್ಲೇ ಓದಿಟ್ಟುಕೊಳ್ಳುತ್ತಾರೆ, ನಕ್ಷೆಯಲ್ಲಿ ಬೇಡದ ವಿವರ ಬಿಟ್ಟು ಬೇಕಾದ ಎರಡು ಮೂರನ್ನು ಮಾತ್ರ ತಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅವರ ಮುಂದಿನ ಅಧ್ಯಯನದಲ್ಲಿ, ಅನುಭವ ಹೆಚ್ಚಿದವರು ನಕ್ಷೆಯನ್ನು ಹೆಚ್ಚಾಗಿ ಓಡುತ್ತಲೇ ನೋಡುತ್ತಾರೆ ಎಂಬುದೂ ಕಂಡಿತು. ತಾಳೆ ನೋಡುವುದು ವೇಗಕ್ಕೆ ಅಡ್ಡಿ ಎನ್ನುವುದು ಹೊಸಬರ ಮಟ್ಟಿಗೆ ನಿಜ. ಅಭ್ಯಾಸವಾದಮೇಲೆ ತಾಳೆ ನೋಡುವುದೇ ಓಟದ ಭಾಗವಾಗುತ್ತದೆ.

ಯುವತಿ: ಇನ್ನೊಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸ್ಪರ್ಧೆಯಲ್ಲಿ ದಾರಿ ತೋರಿಸುವ ಜಿಪಿಎಸ್ ಬಳಸುವಂತಿಲ್ಲ, ಸರಿ. ಹೊರಗೆ ಬಂದರೆ ಎಲ್ಲರ ಜೇಬಿನಲ್ಲೂ ಫೋನಿದೆ. ನೀಲಿ ಚುಕ್ಕೆ ನಾನಿಲ್ಲಿದ್ದೇನೆ ಎಂದು ಕ್ಷಣಕ್ಷಣಕ್ಕೂ ಹೇಳುತ್ತದೆ. ನೀವು ಹೇಳುವ ತಪ್ಪಿಗೂ ಅರಿವಿಗೂ ನಡುವಿನ ದೂರವನ್ನು ಅದು ಸೊನ್ನೆ ಮಾಡಿತಲ್ಲ. ಮತ್ತೆ ಈ ಹಳೆಯ ವಿದ್ಯೆ ಯಾರಿಗೆ ಬೇಕು?

ಮೇಷ್ಟ್ರು: ಫೋನಿನ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಮಳೆಗಾಲದ ಮಂಜಿನಲ್ಲಿ ಘಾಟಿಯ ಮೇಲೆ ಸಿಕ್ಕಿಹಾಕಿಕೊಂಡವರಿಗೆ ಅದು ಜೀವ ಉಳಿಸುವ ವಸ್ತು. ಆದರೆ ಈ ಭಾಗದ ಜನ ನಕ್ಷೆಯನ್ನು ಬಿಟ್ಟು ಫೋನಿಗೆ ಬಂದವರಲ್ಲ ಎಂಬುದನ್ನು ಗಮನಿಸು. ನಮಗೆ ನಕ್ಷೆಯೇ ಕೈಗೆ ಸಿಕ್ಕಿರಲಿಲ್ಲ. ಸರ್ವೆ ಆಫ್ ಇಂಡಿಯಾ ಶುರುವಾದದ್ದು 1767ರಲ್ಲಿ. ಆದರೂ ಕರಾವಳಿಯಿಂದ ಮತ್ತು ಗಡಿಯಿಂದ ಸುಮಾರು 80 ಕಿಲೋಮೀಟರ್ ಪಟ್ಟಿಯ ವಿವರವಾದ ನಕ್ಷೆಗಳು ಬಹುಕಾಲ ನಿರ್ಬಂಧದಲ್ಲಿದ್ದವು. ಕಲ್ಯಾಣ, ಶಹಾಡ್, ಮುರ್ಬಾಡ್ ಎಲ್ಲ ಆ ಪಟ್ಟಿಯೊಳಗೇ ಬರುತ್ತವೆ. 2005ರ ರಾಷ್ಟ್ರೀಯ ನಕ್ಷೆ ನೀತಿ ಸಾರ್ವಜನಿಕರಿಗೆಂದೇ ಬೇರೆ ನಕ್ಷೆ ಸರಣಿ ತಂದಿತು, 2021ರಲ್ಲಿ ನಿರ್ಬಂಧಗಳು ಇನ್ನಷ್ಟು ಸಡಿಲವಾದವು. ಆ ನಕ್ಷೆ ಕೂಡ 1:50,000 ಅಳತೆಯದು, ಎರಡು ಸಮೋನ್ನತಿ ರೇಖೆಗಳ ನಡುವೆ 20 ಮೀಟರ್ ಎತ್ತರ. ಹದಿನೈದು ಮೀಟರಿನ ದಿಬ್ಬವೊಂದು ಆ ರೇಖೆಗಳ ನಡುವೆ ಗುರುತೇ ಇಲ್ಲದೆ ಅಡಗಿಬಿಡಬಹುದು. ಹಾಗಾಗಿ ಇಲ್ಲಿನ ಚಾರಣಿಗರು ದಾರಿ ಕಲಿತದ್ದು ಕೇಳಿ ಕೇಳಿ. ಠಾಕೂರ್, ಕಾತಕರಿ ಹಾಡಿಗಳ ಜನ, ದನ ಮೇಯಿಸುವವರು, ಸೌದೆ ಹೊತ್ತವರು ‘ಅತ್ತ ಬೇಡ, ಇತ್ತ ಹೋಗಿ’ ಎನ್ನುತ್ತಿದ್ದರು. ತಪ್ಪನ್ನು ಬೇಗ ತಡೆಯುವ ಗುರುತಾಗಿ ಮನುಷ್ಯರೇ ಇದ್ದರು. ಅದೊಂದು ದೊಡ್ಡ ವಿದ್ಯೆ, ಅದರಲ್ಲಿ ಕೇಳುವ ವಿನಯವೂ ಸೇರಿತ್ತು. ಓಟದಲ್ಲಿ ಕೇಳಲು ಯಾರೂ ಇಲ್ಲ. ಕೇಳುವವಳೂ ನೀನೇ, ಹೇಳುವವಳೂ ನೀನೇ. ‘ನಾನು ಎಲ್ಲಿದ್ದೇನೆ, ಯಾವ ಸಾಕ್ಷಿಯಿಂದ ಹಾಗೆ ನಂಬಿದ್ದೇನೆ’ ಎಂದು ತನ್ನನ್ನೇ ಕೇಳಿಕೊಳ್ಳುವ ಅಭ್ಯಾಸವನ್ನು ಈ ಆಟ ಕೊಡುತ್ತದೆ. ನೀಲಿ ಚುಕ್ಕೆ ಉತ್ತರ ಕೊಡುತ್ತದೆ, ಪ್ರಶ್ನೆ ಕೇಳಲು ಕಲಿಸುವುದಿಲ್ಲ. ಬ್ಯಾಟರಿ ಮುಗಿದಾಗ ಬೇಕಾಗುವುದು ಪ್ರಶ್ನೆ ಕೇಳುವ ಅಭ್ಯಾಸ.

ಯುವತಿ: ಒಪ್ಪಿದೆ. ಆದರೆ ತಪ್ಪು ಎಂದು ತಿಳಿದಮೇಲೂ ಜನ ಹಿಂದಕ್ಕೆ ಬರುವುದಿಲ್ಲ ಎಂಬುದನ್ನು ನೀವು ಮರೆತಿದ್ದೀರಿ. ಇನ್ನು ಸ್ವಲ್ಪ ಮುಂದೆ ಇರಬಹುದು ಎಂದು ಅದೇ ಪೊದೆಯನ್ನು ಮೂರು ಸಲ ಸುತ್ತುತ್ತಾರೆ. ಅರಿವಾದರೆ ಸಾಕು ಎಂಬ ನಿಮ್ಮ ವಾದ ಅಲ್ಲಿ ಸೋಲುತ್ತದೆ.

ಮೇಷ್ಟ್ರು: ನನ್ನ ಮಾತಿನಲ್ಲಿದ್ದ ಬಿರುಕನ್ನು ತೋರಿಸಿದೆ, ತಿದ್ದಿಕೊಳ್ಳುತ್ತೇನೆ. ಅರಿವು ಎಂದರೆ ತಿಳಿಯುವುದು ಮಾತ್ರ ಆದರೆ ಸಾಲದು, ಕಾಲು ತಿರುಗಬೇಕು. ಇಳಿದು ಬಂದ 150 ಮೀಟರನ್ನು ಮತ್ತೆ ಏರುವುದೆಂದರೆ ಪಟ್ಟ ಶ್ರಮವನ್ನು ಕೈಯಾರೆ ಚೆಲ್ಲಿದ ಹಾಗೆ ಅನಿಸುತ್ತದೆ. ಆ ಶ್ರಮ ಆಗಲೇ ಹೋಗಿದೆ. ನಿಂತರೂ ಅದು ಬಾರದು, ಸುತ್ತಿದರೂ ಬಾರದು. ಉಳಿದಿರುವುದು ಮುಂದಿನ ನಿಮಿಷ ಮಾತ್ರ. ಇದನ್ನು ಏದುಸಿರಿನಲ್ಲಿ ತರ್ಕ ಮಾಡಿ ನಿರ್ಧರಿಸಲಾಗದು, ಆದ್ದರಿಂದ ಓಟಕ್ಕೆ ಮುಂಚೆಯೇ ಒಂದು ಕಟ್ಟಳೆ ಹಾಕಿಕೊಳ್ಳಬೇಕು. ಬಾವುಟ ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ, ಮೂವತ್ತು ಸೆಕೆಂಡು ಹುಡುಕಿದಮೇಲೆ ಖಚಿತವಿದ್ದ ಕೊನೆಯ ಗುರುತಿಗೆ ಮರಳುವುದು. ಚರ್ಚೆ ಇಲ್ಲ. ಹೊಂದದ ಸಾಕ್ಷಿ ಎರಡಾದರೆ ನಿಲ್ಲುವುದು. ಒಂದಕ್ಕೆ ಸಮಜಾಯಿಷಿ ಕೊಟ್ಟುಕೊಳ್ಳಬಹುದು, ಎರಡನೆಯದಕ್ಕೆ ಕೊಡಕೂಡದು. ಇಂಥ ಕಟ್ಟಳೆ ಇದ್ದರೆ ತಿರುಗುವುದು ಸೋಲು ಅನಿಸುವುದಿಲ್ಲ, ಮೊದಲೇ ಮಾಡಿದ ಒಪ್ಪಂದವನ್ನು ಪಾಲಿಸಿದಂತೆ ಅನಿಸುತ್ತದೆ.

ಯುವತಿ: ಮತ್ತೆ ಓಟ ಮುಗಿದಮೇಲೆ? ಎಲ್ಲರೂ ಒಂದೆಡೆ ಕೂತು ಅಲ್ಲಿ ತಪ್ಪಿದೆ, ಇಲ್ಲಿ ತಪ್ಪಿದೆ ಎಂದು ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ. ತಪ್ಪನ್ನೇ ಕೆದಕುತ್ತಾ ಕೂತರೆ ಮುಂದಿನ ಓಟಕ್ಕೆ ಧೈರ್ಯ ಉಳಿಯುತ್ತದೆಯೇ?

ಮೇಷ್ಟ್ರು: ಕೆದಕುವ ರೀತಿ ಮೇಲೆ ಅದು ನಿಂತಿದೆ. ‘ಆರನೆಯ ಬಾವುಟದಲ್ಲಿ ಆರು ನಿಮಿಷ ಹೋಯಿತು, ನಾನು ದಡ್ಡಿ’ ಎಂದು ಬರೆದರೆ ಮುಂದಿನ ಓಟಕ್ಕೆ ಭಯ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಅದನ್ನೇ ಮೂರು ಸಾಲಾಗಿ ಬರೆದು ನೋಡು. ತಪ್ಪು ಆದದ್ದು ಎಲ್ಲಿ? ಎರಡನೆಯ ಕೊರಕಲಿಗೆ ಇಳಿದಲ್ಲಿ. ತಿಳಿದದ್ದು ಎಲ್ಲಿ? ಕೆಳಗಿನ ಗಾಡಿದಾರಿ ಸಿಕ್ಕಿದಲ್ಲಿ. ಅದಕ್ಕೂ ಮುಂಚೆ ತಿಳಿಸಬಹುದಾಗಿದ್ದ ಗುರುತು ಯಾವುದು? ಕಾಣದಿದ್ದ ಬಂಡೆ. ಈ ಮೂರನೆಯ ಸಾಲೇ ಪಾಠ, ಅದು ಮುಂದಿನ ಕಾಡಿನಲ್ಲೂ ಬೇಕಾಗುತ್ತದೆ. ಹೀಗೆ ಬರೆದಾಗ ಅದೃಷ್ಟವೂ ಬಯಲಾಗುತ್ತದೆ. ಕೆಲವೊಮ್ಮೆ ಗುರುತು ನೋಡದೆ ಓಡಿದರೂ ಬಾವುಟ ಎದುರಿಗೇ ಸಿಕ್ಕಿಬಿಡುತ್ತದೆ. ಸಮಯದ ಪಟ್ಟಿಯಲ್ಲಿ ಅದು ಒಳ್ಳೆಯ ಓಟ. ನಿಜದಲ್ಲಿ ಅದು ಇನ್ನೂ ಬೆಲೆ ಕಟ್ಟದ ತಪ್ಪು. ಹಾಗೆಯೇ ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ನಕ್ಷೆ ತಯಾರಾದಮೇಲೆ ಮಳೆಗೆ ಬೆಳೆದ ಪೊದೆ ಅಡ್ಡ ಬರಬಹುದು. ಬೇಸಿಗೆಯಲ್ಲಿ ಹಳದಿಯಾಗಿದ್ದ ನೆಲ ಶ್ರಾವಣದ ಹೊತ್ತಿಗೆ ಹಸಿರಾಗಿರುತ್ತದೆ. ಬರೀ ಸಮಯ ನೋಡಿ ಕಲಿಯುವವರು ತಪ್ಪು ಪಾಠ ಕಲಿಯುತ್ತಾರೆ. ನಿರ್ಧಾರವನ್ನು ನೋಡಿ ಕಲಿಯಬೇಕು. ಬುದ್ಧಿ ಕೆಟ್ಟ ಮೇಲೆ ಬಂದರೂ ಪರವಾಗಿಲ್ಲ. ನಾಳೆಯೂ ಅಡುಗೆ ಮಾಡಬೇಕಲ್ಲ, ಒಲೆ ಆಗ ಉರಿದರೆ ಸಾಕು.

ಯುವತಿ: ಕೊನೆಯದಾಗಿ ಒಂದು ಸಂಶಯ. ಹೆಜ್ಜೆ ಹೆಜ್ಜೆಗೂ ತಪ್ಪಿದೆನೇ, ತಪ್ಪಿದೆನೇ ಎಂದು ಕೇಳುತ್ತಾ ಓಡಿದರೆ ಓಟದ ಸುಖವೇ ಹೋಗುತ್ತದೆ. ಅನುಮಾನ ಹೊತ್ತ ಕಾಲು ಓಡುವುದಿಲ್ಲ, ಮೇಷ್ಟ್ರೇ.

ಮೇಷ್ಟ್ರು: ಹೆಜ್ಜೆ ಹೆಜ್ಜೆಗೂ ಕೇಳಬೇಡ. ಅನುಮಾನಕ್ಕೆ ಒಂದು ಜಾಗ ಕೊಡು, ಉಳಿದ ಜಾಗದಿಂದ ಅದನ್ನು ಹೊರಗಿಡು. ಕಲ್ಯಾಣದಲ್ಲಿ ಇಂಡಿಕೇಟರ್ ನೋಡಿ ಹತ್ತಿದವನು ಮುಂದಿನ ಬೋರ್ಡಿನಲ್ಲಿ ಶಹಾಡ್ ಎಂದಿರಬೇಕು ಎಂದು ತಿಳಿದಿರುತ್ತಾನೆ. ಆ ಬೋರ್ಡು ಬರುವವರೆಗೆ ಅವನು ಕಣ್ಣು ಮುಚ್ಚಿ ಕೂತರೂ ಭಯವಿಲ್ಲ. ಗುಡ್ಡದಲ್ಲೂ ಹಾಗೆಯೇ. ಬಾವುಟದ ಹತ್ತಿರ ಒಂದು ಗಟ್ಟಿ ಗುರುತು ಆರಿಸು: ಎರಡು ಕಾಲುದಾರಿ ಸೇರುವ ಜಾಗ, ಹೊಲದ ಮೂಲೆ, ಒಂಟಿ ದಿಬ್ಬ. ಅಲ್ಲಿಯವರೆಗೆ ಮೈತುಂಬ ಓಡು, ಏನನ್ನೂ ಕೇಳಬೇಡ. ಅಲ್ಲಿ ವೇಗ ಇಳಿಸಿ ಎಲ್ಲವನ್ನೂ ಕೇಳು. ತನ್ನ ತಪ್ಪನ್ನು ಹಿಡಿಯುವ ಗುರುತು ಮುಂದೆ ಇದ್ದೇ ಇದೆ ಎಂದು ಗೊತ್ತಿರುವವರ ಕಾಲಿಗೆ ಇರುವ ಧೈರ್ಯ, ತಪ್ಪೇ ಆಗದು ಎಂದು ನಂಬಿದವರ ಕಾಲಿಗೆ ಇರುವುದಿಲ್ಲ. ಅವರ ನಂಬಿಕೆ ಮೊದಲ ಕಾಣದ ಬಂಡೆಗೇ ಒಡೆಯುತ್ತದೆ.

ಯುವತಿ: ಹಾಗಾದರೆ ಈ ಸಲ ಒಂದೂ ತಪ್ಪಾಗಬಾರದು ಎಂದು ಹಟ ಹಿಡಿಯುವುದನ್ನು ಬಿಡುತ್ತೇನೆ. ಆರು ನಿಮಿಷಕ್ಕೆ ತಿಳಿಯುತ್ತಿದ್ದದ್ದು ಒಂದು ನಿಮಿಷಕ್ಕೆ ತಿಳಿಯಬೇಕು. ಅದನ್ನೇ ಅಭ್ಯಾಸ ಮಾಡುತ್ತೇನೆ.

ಮೇಷ್ಟ್ರು: ಅಷ್ಟು ಮಾಡಿದರೆ ಸಾಕಮ್ಮ. ಉಳಿದ ಐದು ನಿಮಿಷ ಓಡುವುದಕ್ಕೆ ಸಿಗುತ್ತದೆ.